ಬೆಳಗಿನವರೆಗೆ ನಡೆದ ವಾದ

ದಕ್ಷಿಣ ಆಫ್ರಿಕಾದ ಡರ್ಬನ್‌ಗೆ ಬಂದ ಮೇಲೆ ನಾನು ಜಾಸ್ತಿ ಸಲ ಹೋಗಿರುವ ಊರು ಗ್ರೌಟ್‌ವಿಲ್. ಸುತ್ತ ಕಬ್ಬಿನ ಗದ್ದೆ. ನೋಡಿದರೆ ಮಂಡ್ಯದ ನೆನಪಾಗುತ್ತದೆ. ಅಲ್ಲೇ ಆಲ್ಬರ್ಟ್ ಲುಥುಲಿಯವರ ಮನೆ ಇದೆ.

1961ರಲ್ಲಿ ಈ ಕರಾವಳಿಯಲ್ಲಿ ಒಂದು ದೊಡ್ಡ ವಾದ ನಡೆಯಿತು. ಹಿಂದಿನ ವರ್ಷವಷ್ಟೇ ಶಾರ್ಪ್‌ವಿಲ್‌ನಲ್ಲಿ ಪೊಲೀಸರು ಪ್ರತಿಭಟನೆಗೆ ಸೇರಿದ್ದ 69 ಜನರನ್ನು ಗುಂಡಿಟ್ಟು ಕೊಂದಿದ್ದರು. ಬಿಳಿಯರ ಆಳ್ವಿಕೆ ವಿರುದ್ಧ ಹೋರಾಡುತ್ತಿದ್ದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್‌ಗೆ ನಿಷೇಧ ಬಿದ್ದಿತ್ತು. ಸರ್ಕಾರದ ನಿರ್ಬಂಧದಿಂದ ಅದರ ಅಧ್ಯಕ್ಷ ಲುಥುಲಿ ತಮ್ಮ ಸೀಮೆ ಬಿಟ್ಟು ಹೋಗುವಂತಿರಲಿಲ್ಲ. ಹಾಗಾಗಿ ಮುಖಂಡರೇ ಇಲ್ಲಿಗೆ ಬಂದರು, ರಾತ್ರಿ ಹೊತ್ತು, ಗುಟ್ಟಾಗಿ. ಆಯುಧ ಹಿಡಿಯದೆ ಬೇರೆ ದಾರಿಯಿಲ್ಲ ಎಂದರು ಮಂಡೇಲಾ. ಅಹಿಂಸೆ ನಮ್ಮ ಕೈಬಿಟ್ಟಿಲ್ಲ, ನಾವೇ ಅದರ ಕೈಬಿಟ್ಟಿದ್ದೇವೆ ಎಂದರು ಭಾರತೀಯ ಮೂಲದ ಜೆ.ಎನ್. ಸಿಂಗ್. ಸುಮ್ನೆ ಆಡಿದ ಮಾತಲ್ಲ ಇದು. ಇಲ್ಲಿನ ಭಾರತೀಯರ 1946ರ ಸತ್ಯಾಗ್ರಹದಲ್ಲಿ ಜೈಲು ಕಂಡವರು ಅವರು. ಬೆಳಗಾಗುವವರೆಗೆ ವಾದ ನಡೆಯಿತು. ಕೊನೆಗೆ ಕಾಂಗ್ರೆಸ್ ಅಹಿಂಸೆಯಲ್ಲೇ ಇರಲಿ, ಹೋರಾಡುವವರು ಬೇರೆ ಸಂಘಟನೆ ಕಟ್ಟಲಿ, ಅವರನ್ನು ನಾವು ಹೊರಹಾಕುವುದಿಲ್ಲ ಎಂದಾಯಿತು.

ಅದೇ ವರ್ಷ ಡಿಸೆಂಬರ್ 10ರಂದು ಲುಥುಲಿ, ಸರ್ಕಾರದ ಅನುಮತಿ ಪಡೆದು ಹೋಗಿ, ಓಸ್ಲೋದಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದರು. 16ರಂದು ಹೊಸ ಸಂಘಟನೆಯ ಮೊದಲ ಬಾಂಬುಗಳು ಸಿಡಿದವು. ಲುಥುಲಿ ಇದನ್ನು ಮನಸಾರೆ ಒಪ್ಪಿದ್ದರೇ ಎಂದು ಚರಿತ್ರೆಕಾರರು ಇನ್ನೂ ಜಗಳವಾಡುತ್ತಾರೆ. ಆದರೂ 1967ರಲ್ಲಿ ಸಾಯುವವರೆಗೆ ಅಧ್ಯಕ್ಷರು ಅವರೇ. ನನ್ನ ಮನಸ್ಸಿನಲ್ಲಿ ಕೂತಿರುವುದು ಇದೇ.

ನಮ್ಮ ಕಡೆಯ ಸಭೆಗಳಲ್ಲಿ ಬೆಳೆದವನು ನಾನು. ಹಿರಿಯರು ಮಾತು ಮುಗಿಸಿದರೆ ಎಲ್ಲರೂ ತಲೆಯಾಡಿಸುತ್ತೇವೆ. ಒಪ್ಪದವರು ಹೊರಗೆ ಟೀ ಅಂಗಡಿ ಮುಂದೆ ಬಾಯಿ ಬಿಡುತ್ತಾರೆ. ಆರು ತಿಂಗಳಲ್ಲಿ ಇನ್ನೊಂದು ಬಣ. ಕಾಲೇಜಿನಲ್ಲಿ ನಾನಿದ್ದ ಚಳವಳಿಯೂ ಹೀಗೇ ಮೂರು ಬಣವಾಯಿತು. ನಮ್ಮ ಬೇಡಿಕೆ ಹಾಗೇ ಉಳಿಯಿತು. ಅದರ ನೋವು ನನಗೆ ಇನ್ನೂ ಇದೆ.

ಇಲ್ಲಿ ಯಾರೂ ಒಡೆದುಹೋಗಲಿಲ್ಲ ಅಂತಲ್ಲ. ಕರಿಯರು, ಬಿಳಿಯರು, ಇಲ್ಲಿ ಬದುಕುವ ಎಲ್ಲರದೂ ಈ ನಾಡು ಎಂದಿತ್ತು ಕಾಂಗ್ರೆಸ್ ಮತ್ತು ಅದರ ಜೊತೆಗಾರರ 1955ರ ಸ್ವಾತಂತ್ರ್ಯ ಸನ್ನದು. ಬಿಳಿಯರಿಗೆ ನೆಲ ಕಳೆದುಕೊಂಡವರ ಮುಂದೆ ಈ ಮಾತು ಹೇಗೆ ಆಡುವುದು? ಇದನ್ನು ಒಪ್ಪದವರು ಕಾಂಗ್ರೆಸ್‌ನಿಂದ ಹೊರಬಂದು 1959ರಲ್ಲಿ ಬೇರೆ ಪಕ್ಷ ಕಟ್ಟಿದರು. ರಾಬರ್ಟ್ ಸೊಬುಕ್ವೆ ಅದರ ಅಧ್ಯಕ್ಷರಾದರು. ಅವರ ಪ್ರಶ್ನೆಯನ್ನು ತಳ್ಳಿಹಾಕಲು ನನಗಂತೂ ಆಗುವುದಿಲ್ಲ. ಜಮೀನಿನ ವಿಷಯ ಇವತ್ತಿಗೂ ಇಲ್ಲಿ ಉರಿಯುತ್ತಲೇ ಇದೆ.

ಆದರೆ 1992 ನೋಡಿ. ಬಿಳಿಯರ ಸರ್ಕಾರದ ಜೊತೆ ಮಾತುಕತೆ ನಿಂತುಹೋಗುವ ಭಯವಿತ್ತು. ಕೆಲವು ವರ್ಷ ಅಧಿಕಾರ ಹಂಚಿಕೊಳ್ಳೋಣ, ಹಳೆಯ ಸರ್ಕಾರಿ ನೌಕರರ ಕೆಲಸ ಕಾಯೋಣ ಎಂದು ಕಾಂಗ್ರೆಸ್ ಜೊತೆಗಿದ್ದ ಕಮ್ಯುನಿಸ್ಟ್ ನಾಯಕ ಜೋ ಸ್ಲೋವೊ ಬರೆದರು. ಕಮ್ಯುನಿಸ್ಟನ ಬಾಯಲ್ಲಿ ಈ ಮಾತಾ ಎಂದು ಎಷ್ಟೋ ಜನ ಬೆಚ್ಚಿದರು. ಕಾಂಗ್ರೆಸ್‌ನ ಇನ್ನೊಬ್ಬ ನಾಯಕ ಪಾಲೊ ಜೋರ್ಡನ್ ಎಲ್ಲರೂ ಓದುವ ಹಾಗೆ ಖಾರವಾಗಿ ಉತ್ತರ ಬರೆದರು. ಸ್ಲೋವೊ ಮಾತು ಗೆದ್ದಿತು. 1994ರಲ್ಲಿ ಮಂಡೇಲಾ ಮಂತ್ರಿಮಂಡಲ ರಚಿಸಿದಾಗ ಸ್ಲೋವೊಗೆ ವಸತಿ ಖಾತೆ ಸಿಕ್ಕಿತು. ಅಂಚೆ ಮತ್ತು ದೂರಸಂಪರ್ಕ ಜೋರ್ಡನ್‌ಗೆ.