ಹಡಗಿನವನ ರಜೆಯಲ್ಲಿ ಅವಳ ಪಾಲೆಷ್ಟು?

ನೌಕಾಪಡೆಯಲ್ಲಿರುವ ಮಗ ಬೇಸಿಗೆಯಲ್ಲಿ ಊರಿಗೆ ಬಂದನೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಲ್ಲಿ ಅದು ಅವನೊಬ್ಬನ ರಜೆ. ಅವನಿಗೆ ಹಂಡೆ ತುಂಬ ಬಿಸಿನೀರು, ಅವನಿಗೆ ಕೆನೆಮೊಸರು, ಅವನು ಏಳುವ ತನಕ ಮಕ್ಕಳು ಜಗಲಿಯಲ್ಲಿ ಗಲಾಟೆ ಮಾಡುವಂತಿಲ್ಲ. ಜೊತೆಗೆ ಬಂದ ಹೆಂಡತಿ ಮಾತ್ರ ಅದೇ ಸಂಜೆ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆ ಸೇರಿರುತ್ತಾಳೆ. ವಿಶಾಖಪಟ್ಟಣದ ನೌಕಾ ವಸತಿಗಳಲ್ಲಿ ಇದ್ದು ನೋಡಿದವರ ಕಣ್ಣಿಗೆ ಇದು ಚುಚ್ಚುತ್ತದೆ. ಅಲ್ಲಿ ಹಡಗು ದಕ್ಕೆಗೆ ಬಂದರೆ ರಜೆ ಇಬ್ಬರದು. ಉಪಚಾರದಲ್ಲಿ ಮಲೆನಾಡನ್ನು ಮೀರಿಸುವವರಿಲ್ಲ, ಒಪ್ಪೋಣ. ಆದರೆ ಆ ಉಪಚಾರದ ಪಂಕ್ತಿಯಲ್ಲಿ ಸೊಸೆಗೂ ಒಂದು ಎಲೆ ಹಾಕಬೇಕು ಎನ್ನುವುದಷ್ಟೇ ನನ್ನ ತಕರಾರು.

ಹಡಗು ‘ಸೇಲಿಂಗ್’ ಹೋದಾಗ ದಡದಲ್ಲಿ ಏನಾಗುತ್ತದೆ ಎಂದು ಊರಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ದಡ ಮರೆಯಾದ ಸ್ವಲ್ಪ ಹೊತ್ತಿಗೆ ಅವನ ಮೊಬೈಲ್ ಸತ್ತಂತೆಯೇ. ಮಗುವಿನ ಜ್ವರ, ಶಾಲೆಯ ಫೀಸು, ಸೋರುವ ನಲ್ಲಿ, ಗ್ಯಾಸ್ ಬುಕಿಂಗ್, ಸಾಲದ ಕಂತು ಎಲ್ಲವೂ ಅವಳ ತಲೆಯ ಮೇಲೆ. ಹಡಗು ಬಂದರಿನಲ್ಲಿ ಇದ್ದಾಗಲೂ ಅವನು ಪೂರ್ತಿ ಮನೆಯವನಲ್ಲ. ಕೆಲವು ದಿನಕ್ಕೊಮ್ಮೆ ಡ್ಯೂಟಿ ಬಿದ್ದು ರಾತ್ರಿ ಹಡಗಿನಲ್ಲೇ ಉಳಿಯಬೇಕು. ಹೊರಡುವ ಆದೇಶ ಬಂದರೆ ಕೆಲವೇ ಗಂಟೆಗಳಲ್ಲಿ ಹಾಜರಿರಬೇಕು. ಊರ ಸರಹದ್ದು ದಾಟಲು ಅನುಮತಿ ಬೇಕು. ಹಾಗಾಗಿ ವಿಶಾಖಪಟ್ಟಣದ ದಂಪತಿಗಳ ಬೇಸಿಗೆ ತಿರುಗಾಟವೆಲ್ಲ ಗಂಟೆಗಳ ಲೆಕ್ಕದ್ದು. ಮಧ್ಯಾಹ್ನದ ಮೇಲೆ ಬಿಡುವು ಸಿಕ್ಕಿತೆಂದರೆ, ಅದಕ್ಕೆ ನೌಕಾಪಡೆಯಲ್ಲಿ ‘ಮೇಕ್ ಅಂಡ್ ಮೆಂಡ್’ ಎನ್ನುತ್ತಾರೆ, ಬಿಸಿಲು ಇಳಿದ ಮೇಲೆ ಕೈಲಾಸಗಿರಿ. ಭಾನುವಾರ ಬೆಳಗಿನ ಜಾವಕ್ಕೆ ಋಷಿಕೊಂಡ ಕಡಲತೀರ, ಎಂಟೂವರೆಗೆ ವಾಪಸ್, ಯಾಕೆಂದರೆ ಆಮೇಲೆ ಆ ಸೆಕೆಯಲ್ಲಿ ಮರಳ ಮೇಲೆ ಕಾಲಿಡಲಾಗದು. ಒಂದು ಪೂರ್ತಿ ದಿನ ಸಿಕ್ಕರೆ ಅರಕು ಕಣಿವೆ. ಇಷ್ಟೇ. ಆದರೆ ಆ ಅರ್ಧ ದಿನದಲ್ಲಿ ಇಬ್ಬರ ನಡುವೆ ಮೂರನೆಯವರು ತಲೆ ಹಾಕುವುದಿಲ್ಲ. ದೂರದ ಸೇಲಿಂಗ್ ಮುಗಿಸಿ ಬಂದವರ ಬಾಗಿಲನ್ನು ಮೊದಲ ಎರಡು ದಿನ ಯಾರೂ ತಟ್ಟುವುದಿಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ, ಆದರೂ ನಡೆಯುತ್ತದೆ.

ಅಲ್ಲಿಂದ ಕಲಿಯಬೇಕಾದ ಇನ್ನೊಂದು ಸಂಗತಿ ಚಾರ್ಜ್ ಕೊಡುವ, ಅಂದರೆ ಮನೆಯ ಹೊಣೆ ಒಪ್ಪಿಸುವ ಪದ್ಧತಿ. ತಿಳಿದ ಹೆಂಡತಿಯರು ಒಂದು ನೋಟ್‌ಬುಕ್ ಇಟ್ಟಿರುತ್ತಾರೆ: ಸಿಲಿಂಡರ್ ಹಾಕಿದ ತಾರೀಕು, ಸ್ಕೂಟರಿನ ವಿಮೆ ಮುಗಿಯುವ ದಿನ, ಮಗುವಿಗೆ ಕೊಟ್ಟ ಔಷಧಿಯ ಹೆಸರು, ಯಾರಿಗೆ ಎಷ್ಟು ದುಡ್ಡು ಕೊಟ್ಟದ್ದು, ಯಾವ ಕಾಗದಕ್ಕೆ ಅವನ ಸಹಿ ಬಾಕಿ. ಗಂಡ ಬಂದ ಮೂರನೆಯ ದಿನ ಕೂತು ಅದನ್ನು ಓದುತ್ತಾನೆ. ಮೊದಲ ದಿನವೇ ಓದಿದರೆ ಜಗಳ ಖಾತ್ರಿ, ಏಕೆಂದರೆ ಬಂದವನ ನಿದ್ದೆ ಇನ್ನೂ ಹಡಗಿನದೇ. ಹಡಗಿನಲ್ಲಿ ದಿನವನ್ನು ನಾಲ್ಕು ನಾಲ್ಕು ಗಂಟೆಯ ವಾಚ್‌ಗಳಾಗಿ ಒಡೆದಿರುತ್ತಾರೆ. ಸಂಜೆ 4ರಿಂದ 8ರದ್ದನ್ನು ಮಾತ್ರ ಎರಡೆರಡು ಗಂಟೆಯ ಎರಡು ‘ಡಾಗ್ ವಾಚ್’ ಮಾಡುತ್ತಾರೆ. ಹೀಗೆ ದಿನಕ್ಕೆ ಏಳು ಪಾಳಿಯಾಗುವುದರಿಂದ ನಡುರಾತ್ರಿಯ ಪಾಳಿ ದಿನವೂ ಒಬ್ಬನಿಗೇ ಬೀಳುವುದಿಲ್ಲ. ಬದಲಿಗೆ ನಿದ್ದೆಯ ಹೊತ್ತು ದಿನದಿಂದ ದಿನಕ್ಕೆ ಜಾರುತ್ತದೆ. ಇಂಥವನು ಮನೆಗೆ ಬಂದರೆ ಬೆಳಗಿನ ಮೂರೂವರೆಗೆ ಎದ್ದು ಕೂರುತ್ತಾನೆ, ಮಧ್ಯಾಹ್ನ ಎರಡಕ್ಕೆ ಮಾತಿನ ಮಧ್ಯೆಯೇ ತೂಕಡಿಸುತ್ತಾನೆ, ಯಾರೋ ಪಾತ್ರೆ ಬೀಳಿಸಿದರೆ ದಿಗ್ಗನೆ ಏಳುತ್ತಾನೆ. ಊರಿನವರು ಇದನ್ನು ‘ಮಿಲಿಟ್ರಿ ಸಿಟ್ಟು’ ಎಂದು ಷರಾ ಬರೆದುಬಿಡುತ್ತಾರೆ. ಸಿಟ್ಟಲ್ಲ, ನಿದ್ದೆಗೇಡು. ಮೂರು ನಾಲ್ಕು ದಿನ ಬೆಳಗಿನ ಬಿಸಿಲಲ್ಲಿ ತೋಟದ ಕಡೆ ನಡೆದಾಡಿ, ಮಧ್ಯಾಹ್ನದ ನಿದ್ದೆಯನ್ನು ಅರ್ಧ ಗಂಟೆಗೆ ಮೊಟಕು ಮಾಡಿದರೆ ಸರಿಹೋಗುತ್ತದೆ.

ನಮ್ಮಲ್ಲಿ ಈ ಮೂರು ನಾಲ್ಕು ದಿನವೇ ಸಿಗುವುದಿಲ್ಲ. ಬಂದ ಮರುದಿನವೇ ಉಪನಯನ, ಅದರ ಮರುದಿನ ಗೃಹಪ್ರವೇಶ, ನಡುವೆ ‘ಒಂದು ಗಳಿಗೆ ಬಂದು ಹೋಗಿ’ ಎನ್ನುವ ಮನೆಗಳು. ಪ್ರತಿ ಮನೆಯಲ್ಲೂ ಆಸರಿಗೆ ಎಂದು ಕುಡಿಯಲು ಏನಾದರೊಂದು, ಆಮೇಲೆ ಹೋಳಿಗೆ, ತಿನ್ನದಿದ್ದರೆ ‘ಅಳಿಯಂದಿರಿಗೆ ನಮ್ಮನೆ ಊಟ ಸೇರಲಿಲ್ಲ’ ಎಂಬ ಮಾತು. ಜಗಲಿಯ ಪ್ರಶ್ನೆಗಳೂ ಗೊತ್ತಿದ್ದವೇ: ಯಾವ ಬಾರ್ಡರು, ಹಡಗು ಮತ್ತೆ ಯಾವತ್ತು ಹೊರಡುತ್ತದೆ, ಎಲ್ಲಿಗೆ. ಕೊನೆಯ ಎರಡಕ್ಕೆ ಅವನು ಉತ್ತರ ಕೊಡುವಂತಿಲ್ಲ, ಅವಳೂ ಕೊಡುವಂತಿಲ್ಲ. ಹಡಗುಗಳಲ್ಲಿ ಮತ್ತು ನೆಲೆಗಳಲ್ಲಿ ಫೇಸ್‌ಬುಕ್ಕನ್ನೇ 2019ರ ಡಿಸೆಂಬರಿನಲ್ಲಿ ನೌಕಾಪಡೆ ನಿಷೇಧಿಸಿತು. ಹಾಗಿರುವಾಗ ಮದುವೆ ಮನೆಯಲ್ಲಿ ತೆಗೆದ ಫೋಟೋಗೆ ‘ನಾಡಿದ್ದು ಹಡಗು ಹತ್ತುವ ನಮ್ಮ ಭಾವ’ ಎಂದು ಬರೆದು ಸ್ಟೇಟಸ್ ಹಾಕುವ ಪ್ರೀತಿ ಅವನಿಗೇ ಮುಳುವಾಗಬಹುದು. ಇನ್ನು ಮಿಲಿಟ್ರಿ ಕ್ಯಾಂಟೀನಿನ ಮದ್ಯದ ಬಾಟ್ಲಿ. ಅದು ಕಾರ್ಡಿನ ಮೇಲೆ ತಿಂಗಳಿಗಿಷ್ಟು ಎಂದು ಸಿಗುವಂಥದ್ದು, ಹೊರಗಿನವರಿಗೆ ಮಾರುವಂತಿಲ್ಲ, ರೈಲಿನಲ್ಲಿ ಸಾಗಿಸಿ ಸಿಕ್ಕಿಬಿದ್ದರೆ ನೌಕರಿಗೇ ಕುತ್ತು. ಕೇಳದಿರುವುದು ಒಳ್ಳೆಯದು.

ಹಾಗೆಂದು ಕ್ವಾರ್ಟರ್ಸಿನ ಬದುಕೇ ಮೇಲು ಎನ್ನಲಾರೆ. ಅಲ್ಲಿ ಇಬ್ಬರಿಗೂ ಏಕಾಂತ ಉಂಟು, ಕೂಡಿ ಮಾಡುವ ಕೆಲಸ ಇಲ್ಲ. ತಿಂಗಳುಗಟ್ಟಲೆ ದೂರವಿದ್ದವರು ಎದುರುಬದುರು ಕೂತು ‘ಮಾತಾಡು’ ಎಂದರೆ ಮಾತು ಹುಟ್ಟುವುದಿಲ್ಲ. ಕೈಗೆ ಕೆಲಸವಿದ್ದರೆ ತಾನಾಗಿ ಬರುತ್ತದೆ. ಮಲೆನಾಡಿನ ಮೇ ತಿಂಗಳಲ್ಲಿ ಅಂಥ ಕೆಲಸಕ್ಕೆ ಬರವಿಲ್ಲ. ಮಳೆಗಾಲಕ್ಕೆ ಕಟ್ಟಿಗೆ ಒಟ್ಟುವುದು, ಮುರುಗಲು ಹಣ್ಣಿನ ಸಿಪ್ಪೆ ಒಣಗಿಸುವುದು, ಅಡಿಕೆ ತೋಟಕ್ಕೆ ಕೊಳೆರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣದ ತಯಾರಿ. ಈ ಕೊನೆಯದರಲ್ಲಿ ಹಡಗಿನ ಎಂಜಿನ್ ರೂಮಿನವನಿಗೆ ಸ್ಪ್ರೇಯರ್ ಪಂಪು ಬಿಚ್ಚಿ ವಾಷರ್ ಬದಲಿಸುವ ಸುಖವೂ ಸಿಗುತ್ತದೆ. ಆದರೆ ಇಬ್ಬರೂ ಜೊತೆಗೆ ಕೂರುವ ಕೆಲಸವೆಂದರೆ ಹಲಸಿನ ಹಪ್ಪಳ.

ಅದಕ್ಕೆ ಬಲಿತ, ಆದರೆ ಹಣ್ಣಾಗದ ಕಾಯಿಯೇ ಆಗಬೇಕು. ಸ್ವಲ್ಪ ಸಿಹಿ ಇಳಿದಿದ್ದರೂ ಹಿಟ್ಟು ಅಂಟಂಟಾಗಿ, ಕರಿಯುವಾಗ ಹಪ್ಪಳ ಕಪ್ಪಾಗುತ್ತದೆ. ತೀರಾ ಎಳೆಯದಾದರೆ ಒಣಗುವಾಗ ಬಿರುಕು ಬಿಡುತ್ತದೆ. ಕೊಯ್ಯುವ ಮುಂಚೆ ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಂಡು, ತೊಳೆ ಬಿಡಿಸಿ, ಬೀಜ ತೆಗೆದು, ನೀರು ಸೋಕದ ಹಾಗೆ ಹಬೆಯಲ್ಲಿ ಇಪ್ಪತ್ತು ನಿಮಿಷ ಬೇಯಿಸಬೇಕು. ಬೆರಳಲ್ಲಿ ಹಿಚುಕಿದರೆ ನುಣ್ಣಗೆ ಮುರಿಯುವಷ್ಟು ಬೆಂದರೆ ಸಾಕು. ಬಿಸಿ ಇರುವಾಗಲೇ ಒರಳಿನಲ್ಲಿ ಕುಟ್ಟುವುದು. ತಣಿದರೆ ಗಂಟು ಉಳಿಯುತ್ತದೆ. ಗಂಟು ಉಳಿದ ಕಡೆ ಹಪ್ಪಳ ತೂತು. ಒಣಮೆಣಸು, ಕೊತ್ತಂಬರಿ, ಉಪ್ಪು ಸೇರಿಸಿ, ನಿಂಬೆಯ ಗಾತ್ರದ ಉಂಡೆ ಕಟ್ಟಿ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಮಣೆಯಿಂದ ಒತ್ತಬೇಕು. ಹಿಟ್ಟು ಗಟ್ಟಿಯಾಯಿತೆಂದು ನೀರು ಚಿಮುಕಿಸುವುದು ದೊಡ್ಡ ತಪ್ಪು, ಜೂನ್ ಕಳೆಯುವುದರೊಳಗೆ ಬೂಷ್ಟು. ಒತ್ತುವವರು ಒಬ್ಬರು, ಹಾಳೆ ಬಿಡಿಸಿ ಚಾಪೆಗೆ ಹಾಕುವವರು ಇನ್ನೊಬ್ಬರು ಇದ್ದರೆ ಕೆಲಸ ಓಡುತ್ತದೆ. ಅಡುಗೆಮನೆಗೆ ಕಾಲಿಡದ ಗಂಡಸರೂ ಈ ಕೆಲಸಕ್ಕೆ ಕೂರುತ್ತಾರೆ, ಯಾರೂ ನಗುವುದಿಲ್ಲ. ಜೋರು ಬಿಸಿಲಿದ್ದರೆ ಎರಡು ದಿನದಲ್ಲಿ ಒಣಗುತ್ತದೆ. ಮಧ್ಯಾಹ್ನದ ಮೇಲೆ ಗುಡುಗು ಕೇಳಿಸಿತೆಂದರೆ ಚಾಪೆ ಸಮೇತ ಒಳಗೆ.

ತಿರುಗಾಟದ ವಿಷಯಕ್ಕೆ ಬಂದರೆ, ನೆಂಟರ ಸಲಹೆಗಳೆಲ್ಲ ನೀರಿನವೇ: ಜೋಗ, ಹೊನ್ನೆಮರಡುವಿನ ದೋಣಿ, ಅಲ್ಲಿಂದ ಮುರ್ಡೇಶ್ವರದ ಸಮುದ್ರ. ವರ್ಷವಿಡೀ ನೀರು ನೋಡಿ ಬೇಸತ್ತವನನ್ನು ಮತ್ತೆ ನೀರಿನ ಮುಂದೆ ನಿಲ್ಲಿಸಿ ‘ಹೇಗಿದೆ?’ ಎಂದು ಕೇಳುವುದು ಯಾವ ನ್ಯಾಯ! ಅಷ್ಟಕ್ಕೂ ಮೇನಲ್ಲಿ ಜೋಗದಲ್ಲಿ ಕಾಣುವುದು 253 ಮೀಟರ್ ಕಲ್ಲುಗೋಡೆ ಮತ್ತು ಒಂದೆರಡು ಬಿಳಿ ಗೆರೆ. ನೀರೆಲ್ಲ ಮೇಲೆ ಲಿಂಗನಮಕ್ಕಿಯಲ್ಲಿ ನಿಂತಿರುತ್ತದೆ. ಮಂಡಗದ್ದೆಯ ಹಕ್ಕಿಗಳು ಬರುವುದು ಮಳೆ ಹಿಡಿದ ಮೇಲೆ. ಬೇಸಿಗೆಯಲ್ಲಿ ನೋಡಬೇಕಾದ್ದು ಬೇರೆಯೇ ಇದೆ. ಹಿನ್ನೀರು ಇಳಿದಾಗ ಮೇಲೆದ್ದು ಕಾಣುವ ಹಿರೇಭಾಸ್ಕರದ ಹಳೆಯ ಅಣೆಕಟ್ಟು ಒಂದು. ಸಿಗಂದೂರಿಗೆ ಹೋಗುವವರಿಗೆ 2025ರ ಜುಲೈನಿಂದ ಸೇತುವೆ ಆಗಿದೆ, ಲಾಂಚಿಗೆ ಕಾದು ಅರ್ಧ ದಿನ ಕಳೆಯುವ ಕಾಟ ತಪ್ಪಿದೆ. ಮಕ್ಕಳಿದ್ದರೆ ಸಕ್ರೆಬೈಲು, ಅದೂ ಬೆಳಗ್ಗೆ, ಆನೆಗಳ ಸ್ನಾನದ ಹೊತ್ತಿಗೆ.

ಇಬ್ಬರೇ ಹೋಗುವುದಾದರೆ ನನ್ನ ಓಟು ಕವಲೇದುರ್ಗಕ್ಕೆ. ತೀರ್ಥಹಳ್ಳಿಯಿಂದ ಸುಮಾರು 18 ಕಿಲೋಮೀಟರ್. ಗದ್ದೆಬಯಲು ದಾಟಿದರೆ ಕಲ್ಲುಹಾಸಿನ ದಾರಿ, ಒಂದರ ಮೇಲೊಂದು ಕೋಟೆಗೋಡೆ, ಒಳಗೆ ಕಾಶಿ ವಿಶ್ವನಾಥನ ಗುಡಿ, ಕೆಳದಿ ಅರಸರ ಅರಮನೆಯ ಅಡಿಪಾಯ. ಎಂಟಕ್ಕೆ ಮುಂಚೆ ಹತ್ತಲು ಶುರು ಮಾಡಬೇಕು. ಕಲ್ಲು ಕಾದ ಮೇಲೆ ಹತ್ತುವುದು ಶಿಕ್ಷೆ. ಮೇಲೆ ಅಂಗಡಿ ಇಲ್ಲ, ತಲೆಗೆ ಎರಡು ಲೀಟರ್ ನೀರು ಹೊತ್ತೇ ಹೋಗಬೇಕು. ಊಟದ ಹೊತ್ತಿಗೆ ಕೆಳಗಿಳಿದಿರಬೇಕು, ಮೇ ತಿಂಗಳ ಸಿಡಿಲು ಸಾಮಾನ್ಯವಾಗಿ ಮಧ್ಯಾಹ್ನದ ಮೇಲಿನದು. ಇನ್ನೊಂದು ಮಾತು: ಹಡಗಿನಲ್ಲಿ ನಡೆಯಲು ಸಿಗುವುದು ಕೆಲವೇ ಹೆಜ್ಜೆಯ ಕಬ್ಬಿಣದ ನೆಲ. ನೆಗೆದು ಏಣಿ ಹತ್ತುವವನಾದರೂ ಗುಡ್ಡ ಇಳಿಯುವಾಗ ಅವನ ಮೀನಖಂಡ ಹಿಡಿದುಕೊಳ್ಳುತ್ತದೆ. ಒಂದು ವಾರ ತೋಟ ಸುತ್ತಿದ ಮೇಲೆ ಗುಡ್ಡ ಇಟ್ಟುಕೊಳ್ಳಲಿ.

ಬೇಸಿಗೆಯ ಕಾಡಿಗೆ ಹೋಗುವವರು ಉಣುಗಿನ ಬಗ್ಗೆ ಎಚ್ಚರ ತಪ್ಪುವಂತಿಲ್ಲ. ಅದು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹಾವಳಿ ಹೆಚ್ಚುವುದೂ ಚಳಿಗಾಲದ ಕೊನೆಯಿಂದ ಮಳೆ ಬೀಳುವವರೆಗೆ. ಉಣುಗು ಹತ್ತಿರ ಬಾರದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಸವರಿಕೊಳ್ಳಬೇಕು. ಆ ಔಷಧ ರೂಪುಗೊಂಡದ್ದೂ ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದಲ್ಲೇ. ದರಗಿನ, ಅಂದರೆ ಉದುರಿದ ಒಣ ಎಲೆಗಳ ಮೇಲೆ ಕೂರಬಾರದು. ಪ್ಯಾಂಟನ್ನು ಸಾಕ್ಸಿನೊಳಗೆ ಸಿಕ್ಕಿಸಿಕೊಂಡು ನಡೆದು, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿಗೆ ಹಾಕಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಹೊರನಾಡಿನವರಿಗೆ ಇಲ್ಲೊಂದು ಹೆಚ್ಚಿನ ಅಪಾಯವಿದೆ. ಉಣುಗು ಕಚ್ಚಿ ಮೂರರಿಂದ ಎಂಟು ದಿನದೊಳಗೆ ಜ್ವರ ಬರುತ್ತದೆ. ಅಷ್ಟರಲ್ಲಿ ಅವಳು ವಿಶಾಖಪಟ್ಟಣದಲ್ಲಿ, ಅವನು ನಡುಸಮುದ್ರದಲ್ಲಿ. ಅಲ್ಲಿಯ ವೈದ್ಯರಿಗೆ ಈ ಕಾಯಿಲೆ ಥಟ್ಟನೆ ಹೊಳೆಯಲಿಕ್ಕಿಲ್ಲ. ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಶುರುವಾದರೆ ‘ಶಿವಮೊಗ್ಗದ ಕಾಡಿಗೆ ಹೋಗಿದ್ದೆ’ ಎಂಬುದೇ ಮೊದಲ ಮಾತಾಗಲಿ. ರಕ್ತಸ್ರಾವದ ಭಯ ಇರುವುದರಿಂದ ಆಸ್ಪಿರಿನ್ ಜಾತಿಯ ಮಾತ್ರೆಯನ್ನು ತಾವಾಗಿ ನುಂಗಬಾರದು. ರಜೆಯ ಕೊನೆಯ ವಾರ ಕಾಡನ್ನು ಬಿಟ್ಟುಬಿಡುವುದು ಇನ್ನೂ ಜಾಣತನ.

ಇನ್ನು ದಿನಗಳ ಹೊಂದಾಣಿಕೆ. ವಾರ್ಷಿಕ ರಜೆ ಕಾಗದದ ಮೇಲೆ 60 ದಿನ. ಆದರೆ ಹಡಗು ದುರಸ್ತಿಗೆ ನಿಂತಾಗ ಉದ್ದಕ್ಕೆ ಸಿಕ್ಕೀತು, ಇಲ್ಲದಿದ್ದರೆ ತುಂಡು ತುಂಡು. ರಾಜ್ಯದ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ಬಿಡುವು. ನೌಕಾನೆಲೆಯ ಮಕ್ಕಳು ಹೆಚ್ಚಾಗಿ ಓದುವ ಕೇಂದ್ರೀಯ ವಿದ್ಯಾಲಯಗಳಿಗೆ ಅದು ಮೇ ಹೊತ್ತಿಗೆ ಶುರುವಾಗಿ ಜೂನ್‌ಗೆ ಚಾಚುತ್ತದೆ. ಮಕ್ಕಳು ಅತ್ತೆ-ಮಾವನ ಮಕ್ಕಳ ಜೊತೆ ಆಡಬೇಕೆಂದರೆ ಮೇ ಒಂದೇ ಗತಿ. ಜೂನಿನಲ್ಲಿ ಬಂದರೆ ಮಳೆ, ಇಂಬಳ (ಜಿಗಣೆ) ಮತ್ತು ಖಾಲಿ ಅಂಗಳ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನಕ್ಕೆ ಮಾತ್ರ, ರಜೆ ಮಂಜೂರಾಗುವುದು ಅದಕ್ಕಿಂತ ತಡವಾಗಿ. ಹಾಗಾಗಿ ಅವಳ ಮತ್ತು ಮಕ್ಕಳ ಟಿಕೆಟನ್ನು ಮೊದಲು ಮಾಡಿಸಿ, ಅವನದನ್ನು ಬೇರೆಯಾಗಿ ಇಡುವುದು ಲೇಸು. ಅವನದು ತಪ್ಪಿದರೂ ಇವರ ಪ್ರಯಾಣ ನಿಲ್ಲುವುದಿಲ್ಲ. ಬೆಂಗಳೂರಿನಲ್ಲಿ ಇಳಿಯುವುದು ಬೈಯಪ್ಪನಹಳ್ಳಿಯ ಟರ್ಮಿನಲ್ಲಿನಲ್ಲಾಗಿ, ಶಿವಮೊಗ್ಗದ ರೈಲು ಮೆಜೆಸ್ಟಿಕ್ಕಿನಿಂದಲೋ ಯಶವಂತಪುರದಿಂದಲೋ ಹೊರಡುವುದಾದರೆ ನಡುವೆ ನಾಲ್ಕು ಗಂಟೆ ಬಿಟ್ಟುಕೊಳ್ಳಬೇಕು. ಕಾರವಾರದ ಕದಂಬ ನೌಕಾನೆಲೆಯಲ್ಲಿ ಇರುವವರಿಗೆ ಈ ಯಾವ ರಗಳೆಯೂ ಇಲ್ಲ, ಹೊನ್ನಾವರಕ್ಕೆ ಬಂದು ಗೇರುಸೊಪ್ಪೆ ಘಾಟಿ ಹತ್ತಿದರೆ ಊಟದ ಹೊತ್ತಿಗೆ ಸಾಗರ.

ಊರಿಗೆ ಬಂದ ಮೇಲೆ ಮೊದಲು ಯಾರ ಮನೆ? ನಮ್ಮಲ್ಲಿ ಗಂಡನ ಮನೆಯಲ್ಲಿ ಹದಿನೈದು ದಿನ ಇದ್ದು, ಹೊರಡುವ ಮುಂಚೆ ಎರಡು ದಿನ ಅವಳ ತವರು. ನೌಕಾಪಡೆಯ ರಜೆಗೆ ಈ ಲೆಕ್ಕ ಒಗ್ಗುವುದೇ ಇಲ್ಲ. ಯಾವ ಹೊತ್ತಿಗೂ ವಾಪಸ್ ಕರೆ ಬರಬಹುದು, ಬಂದಾಗ ಕತ್ತರಿ ಬೀಳುವುದು ಕೊನೆಗಿಟ್ಟ ದಿನಗಳಿಗೇ. ವರ್ಷ ವರ್ಷವೂ ತಪ್ಪಿಹೋಗುವುದು ತವರಿನ ಆ ಎರಡು ದಿನ. ಅದನ್ನು ಮೊದಲಿಗೆ ಇಡಬೇಕು. ಅವಳು ತನ್ನ ತಾಯಿಯ ಮನೆಯಲ್ಲಿ ಮಧ್ಯಾಹ್ನದವರೆಗೆ ಮಲಗಲಿ, ಅವನು ಮಾವನ ಮನೆಯ ತೋಟದಲ್ಲಿ ತನ್ನ ನಿದ್ದೆಗೇಡನ್ನು ಕಳೆದುಕೊಳ್ಳಲಿ. ಗಂಡನ ಮನೆಯ ಉಪನಯನ, ಗೃಹಪ್ರವೇಶಗಳೆಲ್ಲ ಐದನೆಯ ದಿನದಿಂದಾಚೆಗೆ.