ಹವಳಕ್ಕೆ ಮೈಲುತುತ್ತ

ನನ್ನ ಹವಳ ಇವತ್ತು ಬೆಳಿಗ್ಗೆಯೂ ತೆರೆದಿರಲಿಲ್ಲ. ಒಟ್ಟು ಎಂಟು ದಿನ ಆಯಿತು.

ಎದ್ದ ಕೂಡಲೇ ನೀವು ಮೊಬೈಲ್ ನೋಡುತ್ತೀರಿ, ಇಲ್ಲವೇ ಹಾಲು ಬಂತಾ ಅಂತ ಬಾಗಿಲು ನೋಡುತ್ತೀರಿ. ನಾನು ಹಾಲ್‌ನಲ್ಲಿರುವ 200 ಲೀಟರಿನ ಉಪ್ಪುನೀರಿನ ತೊಟ್ಟಿ ನೋಡುತ್ತೇನೆ. ಅದರ ನಡುವೆ ಟೋಡ್‌ಸ್ಟೂಲ್ ಲೆದರ್ ಅನ್ನುವ, ನಾಯಿಕೊಡೆಯ ಆಕಾರದ ಮೆದು ಹವಳವಿದೆ. ಗೆಳೆಯ ತನ್ನ ತೊಟ್ಟಿಯದನ್ನು ಕತ್ತರಿಸಿ ಕೊಟ್ಟ ತುಂಡು. (ಗಟ್ಟಿ ಹವಳದ ಆಸೆ ನನಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಅದು ಹುಲಿಯ ಪಕ್ಕ ಕೂತಿದೆ.) ಖುಷಿಯಲ್ಲಿದ್ದಾಗ ಇದು ಕೊಡೆಯ ತುಂಬಾ ಹೂವಿನಂಥ ಪುಟ್ಟ ಪುಟ್ಟ ಪಾಲಿಪ್ ಅರಳಿಸಿಕೊಂಡು ತೂಗುತ್ತಿರುತ್ತದೆ. ಮುನಿಸು ಬಂದರೆ ಎಲ್ಲವನ್ನೂ ಒಳಗೆಳೆದುಕೊಂಡು, ಅಂಚು ಮುದುರಿ, ನಿನ್ನೆಯ ದೋಸೆಯ ಹಾಗೆ ಕೂರುತ್ತದೆ. ಎಂಟು ದಿನದಿಂದ ದೋಸೆ.

ಇದಕ್ಕೆ ನಾನೇನು ಕಡಿಮೆ ಮಾಡಿದ್ದೇನೆ ಹೇಳಿ? ನಮಗೆ ಟ್ಯಾಂಕರ್ ನೀರು, ಅದಕ್ಕೆ ಆರ್‌ಒ. ನಮಗೆ ಫ್ಯಾನು, ಅದಕ್ಕೆ 25 ಡಿಗ್ರಿಯ ಚಿಲ್ಲರ್. ಮನೆಯ ಮೂರು ಜನ ತಿಂಗಳಿಗೆ ಒಂದು ಕಿಲೋ ಉಪ್ಪು ತಿಂದರೆ ತೊಟ್ಟಿಗೆ ಮೂರು ಕಿಲೋ ಬೇಕು. ಅದೂ ಅಂಗಡಿ ಉಪ್ಪಲ್ಲ, ಡಬ್ಬದಲ್ಲಿ ಬರುವ ದುಬಾರಿ ಉಪ್ಪು. ಹೆಂಡತಿ ಬಿಲ್ ನೋಡಿದ ದಿನ ನಮ್ಮ ಸಾರಿಗೆ ಉಪ್ಪು ಕಡಿಮೆ ಇರುತ್ತದೆ.

ಗೆಳೆಯನಿಗೆ ಫೋನ್ ಮಾಡಿದೆ. ಅವನು ಹಲೋ ಅನ್ನುವ ಬದಲು "ಪ್ಯಾರಾಮೀಟರ್ ಹೇಳು" ಅನ್ನುವವನು. ರಾತ್ರಿ ಹನ್ನೊಂದರವರೆಗೆ ಸಿರಿಂಜ್ ಹಿಡಿದು ನೀರಿನ ಪರೀಕ್ಷೆ ಮಾಡಿದೆ. ಸಾಂದ್ರತೆ 1.025, ಕ್ಯಾಲ್ಸಿಯಂ 420, ನೈಟ್ರೇಟ್ 10. ನನ್ನ ಸ್ವಂತ ರಕ್ತದ ರಿಪೋರ್ಟ್ ಇಷ್ಟು ಚೆನ್ನಾಗಿ ಯಾವತ್ತೂ ಬಂದಿಲ್ಲ. "ಹಾಗಾದ್ರೆ ಸುಮ್ನೆ ಬಿಡು, ಪೊರೆ ಬಿಡ್ತಾ ಇರಬಹುದು" ಅಂದ. ಸುಮ್ಮನೆ ಬಿಡುವವನು ಈ ಹುಚ್ಚು ಹಿಡಿಸಿಕೊಳ್ಳುತ್ತಾನಾ? ಬೆಳಕು ಜಾಸ್ತಿ ಆಯಿತೇನೋ ಅಂತ ಎಡಕ್ಕೆ ಸರಿಸಿದೆ. ಸಾಲದೇನೋ ಅಂತ ಮೇಲಿಟ್ಟೆ. ಅಯೋಡಿನ್ ಹನಿ ಹಾಕಿದೆ. ಒಂದೇ ವಾರದಲ್ಲಿ ಎರಡು ಸಲ ನೀರು ಬದಲಿಸಿದೆ. ಪ್ರತಿ ಸಲ ಕೈ ಹಾಕಿದಾಗಲೂ ಅದು ಇನ್ನಷ್ಟು ಮುದುರಿತು.

ಇಷ್ಟಾಗಿದ್ದರೆ ಸಹಿಸಬಹುದಿತ್ತು. ಊರಿನಿಂದ ಅಪ್ಪಯ್ಯ ಬಂದಿದ್ದಾರೆ.

ಕೊಪ್ಪದ ಕಡೆ ಐವತ್ತು ವರ್ಷ ಅಡಿಕೆ ಬೆಳೆದವರು. ಬಂದ ಮರುದಿನವೇ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಟಾರ್ಚ್ ಬೆಳಕು ಬಿಟ್ಟು ನೋಡಿ ತೀರ್ಪು ಕೊಟ್ಟರು.

"ನಿನ್ನ ನಾಯಿಕೊಡೆಗೆ ಕೊಳೆ ಹಿಡಿದಿದೆ ಮಾರಾಯ."

"ಅದು ನಾಯಿಕೊಡೆ ಅಲ್ಲ, ಪ್ರಾಣಿ ಅಪ್ಪಯ್ಯ."

"ಯಾವುದಾದರೇನು, ಕೊಳೆ ಕೊಳೆಯೇ. ಅಡಿಕೆಯ ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣವನ್ನೇ ಹೊಡಿ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ನಿನ್ನದು ಇನ್ನೂರು ಅಲ್ವಾ? ಎರಡೆರಡು ಕಿಲೋ."

ಮೈಲುತುತ್ತ ಅಂದರೆ ತಾಮ್ರ. ಹವಳ, ಸೀಗಡಿ, ಬಸವನಹುಳ ಯಾವುದಕ್ಕೂ ತಾಮ್ರ ಆಗುವುದಿಲ್ಲ. ಮೀನಿನ ರೋಗಕ್ಕೆ ತಾಮ್ರದ ಔಷಧಿ ಕೊಡಬೇಕಾದರೂ ಮೀನನ್ನು ಬೇರೆ ತೊಟ್ಟಿಗೆ ಹಾಕಿಯೇ ಕೊಡುತ್ತಾರೆ. ಇದನ್ನೆಲ್ಲ ವಿವರಿಸಿದೆ.

"ಐವತ್ತು ಮಳೆಗಾಲ ಈ ಬೋರ್ಡೋ ನನ್ನ ಮೈಮೇಲೇ ಸುರಿದಿದೆ. ನನಗೇನಾಗಿದೆ?"

"ನೀವು ಹವಳ ಅಲ್ಲ ಅಪ್ಪಯ್ಯ."

ನನ್ನ ಪರೀಕ್ಷೆಯ ಬಾಟಲಿಗಳನ್ನು ಕಂಡರೆ ಅವರಿಗೆ ನಗು. ಅವರದು ಒಂದೇ ಪರೀಕ್ಷೆ. ಬೋರ್ಡೋ ದ್ರಾವಣಕ್ಕೆ ಹೊಳೆಯುವ ಚಾಕು ಅದ್ದಬೇಕು, ಅಲಗು ಕೆಂಪಾದರೆ ಸುಣ್ಣ ಸಾಲದು ಅಂತ ಲೆಕ್ಕ. "ನಿನ್ನದು ಏಳು ಬಾಟಲಿ. ಆದರೂ ಏನಾಗಿದೆ ಅಂತ ಗೊತ್ತಿಲ್ಲ."

ಆಮೇಲೆ ದಿನಾ ಐದು ಗಂಟೆಗೆ ತಪಾಸಣೆ. ಮಲಗಿದ್ದ ಮೀನುಗಳು ಟಾರ್ಚ್ ಬೆಳಕಿಗೆ ಬೆಚ್ಚಿಬೀಳುತ್ತವೆ. ಕಾಫಿಯ ಜೊತೆ ವರದಿ: "ನಿನ್ನೆಗಿಂತ ಜಾಸ್ತಿ ಬಾಗಿದೆ." ಅದೇ ವರದಿ ಸೊಸೆಗೆ, ಕೆಲಸದವಳಿಗೆ, ಲಿಫ್ಟಿನಲ್ಲಿ ಸಿಕ್ಕ ಮೂರನೇ ಮಹಡಿಯವರಿಗೆ. ಊರಿಗೆ ಫೋನಿನಲ್ಲಿ, ಇಡೀ ಮನೆಗೆ ಕೇಳುವ ಹಾಗೆ: "ಹುಡುಗನ ಗಾಜಿನ ಪೆಟ್ಟಿಗೆಗೆ ಕೊಳೆ ಬಂದಿದೆ. ಹೇಳಿದರೆ ಕೇಳುವುದಿಲ್ಲ." ಶುಕ್ರವಾರ ಊರಿನ ಬಸ್ಸಿನಲ್ಲಿ ಒಂದು ಪೊಟ್ಟಣ ಬಂತು. ಬಿಚ್ಚಿದರೆ ಫಳಫಳ ನೀಲಿ ಹರಳು. ಆ ರಾತ್ರಿ ಅದನ್ನು ಅಟ್ಟದ ಮೇಲೆ, ಹಳೇ ಕುಕ್ಕರಿನೊಳಗೆ ಬಚ್ಚಿಟ್ಟೆ. ನಿದ್ದೆ ಬಂತು ಅಂತೀರಾ? ಎರಡು ಸಲ ಎದ್ದು ಕುಕ್ಕರ್ ನೋಡಿ ಬಂದೆ.

ನಿನ್ನೆ ಅವರು ಹೊಸದೊಂದು ಕೆಲಸ ಮಾಡಿದರು. ತೊಟ್ಟಿಯ ಮುಚ್ಚಳ ತೆಗೆದು ಮೂಗೊಡ್ಡಿದರು. "ನಾತ ಇಲ್ಲವಲ್ಲ. ಕೊಳೆತರೆ ನಾತ ಬರಬೇಕು." ಹೊಟ್ಟೆ ಉರಿಯಿತು, ಯಾಕೆಂದರೆ ಆ ಮಾತು ನಿಜ. ಹವಳ ಕೊಳೆಯುತ್ತಿದ್ದರೆ ಮೈ ಕಂದು ಲೋಳೆಯಾಗಿ ಕರಗಿ ವಾಸನೆ ಬರುತ್ತದೆ. ಆಗ ಅಷ್ಟು ಭಾಗ ಬ್ಲೇಡಿನಲ್ಲಿ ಕತ್ತರಿಸಿ ತೆಗೆಯಬೇಕು. ನನ್ನದರ ಮೈ ಗಟ್ಟಿಯಾಗಿಯೇ ಇತ್ತು, ಮೇಲೆ ಮೇಣ ಸವರಿದ ಹೊಳಪು ಮಾತ್ರ.

"ಹಾಗಾದರೆ ಬದುಕುತ್ತದೆ ಬಿಡು" ಅಂದವರು ಅಲ್ಲಿಂದ ಏಳಲಿಲ್ಲ. ನಮ್ಮ ತೋಟಕ್ಕೆ ಹಳದಿ ಎಲೆ ರೋಗ ಬಂದು ವರ್ಷಗಳಾದವು. ಅದಕ್ಕೆ ಮದ್ದಿಲ್ಲ. ಸೋಗೆ ಹಳದಿಯಾಗುತ್ತಾ ಬಂತು, ಗೊನೆ ಸಣ್ಣದಾಗುತ್ತಾ ಬಂತು. ಆದರೂ ಇವರು ದಿನಾ ಐದಕ್ಕೆ ಎದ್ದು ಟಾರ್ಚ್ ಹಿಡಿದು ತೋಟಕ್ಕೆ ಇಳಿಯುತ್ತಿದ್ದರು. ಏನು ನೋಡುತ್ತಿದ್ದರೋ. ಇದು ಅದೇ ಟಾರ್ಚ್.

ಇವತ್ತು ಮಧ್ಯಾಹ್ನ ಪಂಪಿನ ಮುಖವನ್ನು ಹವಳದ ಕಡೆ ತಿರುಗಿಸಿ, ನೀರಿನ ಓಟ ಸ್ವಲ್ಪ ಜಾಸ್ತಿ ಮಾಡಿದೆ. ಕಾಯಿಸಿದ ಹಾಲಿನ ಕೆನೆಯ ಹಾಗೆ ಒಂದು ಪೊರೆ ಎದ್ದು ತೇಲಿಹೋಯಿತು. ಸಂಜೆಗೆ ಅಂಚಿನಲ್ಲಿ ಹತ್ತಿಪ್ಪತ್ತು ಪಾಲಿಪ್ ಇಣುಕಿದವು. ಅಪ್ಪಯ್ಯನನ್ನು ಕೂಗಿ ತೋರಿಸಿದೆ.

"ಹಾವಿನ ಹಾಗೆ ಪೊರೆ ಬಿಟ್ಟಿದೆ. ಇಷ್ಟಕ್ಕೆ ಎಂಟು ದಿನ ಗಲಾಟೆ ಮಾಡಿದೆಯಾ?" ಅಂದರು. ನಾನು ಮಾತಾಡಲಿಲ್ಲ.

ಅವರು ಬಾಲ್ಕನಿಗೆ ಹೋದರು. ಐದು ನಿಮಿಷ ಸದ್ದಿಲ್ಲ. ಆಮೇಲೆ ಅಲ್ಲಿಂದಲೇ ಕೂಗಿದರು.

"ನಿಂಬೆ ಗಿಡದ ಎಲೆಗೆಲ್ಲ ಚುಕ್ಕೆ ಬಂದಿದೆಯಲ್ಲೋ! ಆ ಪೊಟ್ಟಣ ಎಲ್ಲಿಟ್ಟೆ? ಕಲಸಲಿಕ್ಕೆ ಕಬ್ಬಿಣದ ಪಾತ್ರೆ ಆಗಲಿಕ್ಕಿಲ್ಲ, ಪ್ಲಾಸ್ಟಿಕ್ಕೇ ಬೇಕು. ನೀನು ಉಪ್ಪುನೀರು ಮಾಡುವ ಬಕೆಟ್ ಖಾಲಿ ಇದೆಯಾ?"