ಪೇಟೆಂಟ್ ಕೇಸ್ ಬಿದ್ದರೆ ಮೆಮೊರಿ ಕಾರ್ಡ್ ಸಿಗುವುದಿಲ್ಲವೇ?

ಫ್ಲ್ಯಾಶ್ ಮೆಮೊರಿಯ (ಪೆನ್ ಡ್ರೈವ್, ಮೆಮೊರಿ ಕಾರ್ಡ್‌ಗಳ ಒಳಗಿರುವ ಚಿಪ್) ಪೇಟೆಂಟ್ ಒಂದೇ ಕಂಪನಿಯ ಕೈಲಿದೆ, ಅದು ಅಮೆರಿಕದಲ್ಲಿ ಕೇಸ್ ಹಾಕಿದೆ, ಇನ್ನು ಪೆನ್ ಡ್ರೈವ್, ಮೆಮೊರಿ ಕಾರ್ಡ್ ಬಂದ್ ಎಂಬ ಸಂದೇಶ ಆಗಾಗ ಫಾರ್ವರ್ಡ್ ಆಗುತ್ತಿರುತ್ತದೆ. ಇಂಥ ಕೇಸ್‌ಗಳು ನಡೆಯುವುದು ನಿಜ. ಹಾಗಾಗಿ ನಂಬುವುದೂ ಸಹಜ. ಉಳಿದದ್ದು ಮಾತ್ರ ತಪ್ಪು.

ಫ್ಲ್ಯಾಶ್ ಮೆಮೊರಿ ಹುಟ್ಟಿದ್ದು 1980ರ ದಶಕದಲ್ಲಿ, ಜಪಾನಿನಲ್ಲಿ. ಪೇಟೆಂಟ್‌ನ ಆಯಸ್ಸು ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಮೂಲ ಪೇಟೆಂಟ್‌ಗಳ ಕಾಲ ಎಂದೋ ಮುಗಿದಿದೆ. ಈಗಿನ ಜಗಳ ಸಣ್ಣ ಸಣ್ಣ ಸುಧಾರಣೆಗಳದ್ದು: ತಪ್ಪಾದ ಬಿಟ್ (ಮಾಹಿತಿಯ ಅತಿ ಚಿಕ್ಕ ತುಣುಕು) ಸರಿಪಡಿಸುವ ವಿಧಾನ, ಒಂದೇ ಜಾಗದಲ್ಲಿ ಪದೇ ಪದೇ ಬರೆದು ಚಿಪ್ ಸವೆಯದಂತೆ ನೋಡಿಕೊಳ್ಳುವುದು, ಚಿಪ್‌ನ ಪದರಗಳನ್ನು ಪೇರಿಸುವ ರೀತಿ. ಕೇಸ್ ಹಾಕುವವರಲ್ಲಿ ಲೈಸೆನ್ಸಿಂಗ್ ಕಂಪನಿಗಳೂ ಇವೆ. ಅವು ಚಿಪ್ ತಯಾರಿಸುವುದಿಲ್ಲ, ಪೇಟೆಂಟ್ ಇಟ್ಟುಕೊಂಡು ಶುಲ್ಕ ಕೇಳುತ್ತವೆ. ಮಾರಾಟವೇ ನಿಂತರೆ ಶುಲ್ಕ ಎಲ್ಲಿಂದ ಬರಬೇಕು, ಅಲ್ವಾ? ಅಮೆರಿಕದ ಕೋರ್ಟುಗಳಲ್ಲೂ 2006ರ ಒಂದು ತೀರ್ಪಿನ ನಂತರ, ಉಲ್ಲಂಘನೆ ಸಾಬೀತಾದ ಮಾತ್ರಕ್ಕೆ ಮಾರಾಟಕ್ಕೆ ತಡೆ ಸಿಗುವುದಿಲ್ಲ. ಎಷ್ಟೋ ಕೇಸ್‌ಗಳು ರಾಜಿಯಲ್ಲಿ ಮುಗಿಯುತ್ತವೆ.

ಸಂದೇಶ ಬಂದಾಗ ಮೊದಲು ಪೇಟೆಂಟ್ ಸಂಖ್ಯೆ ಇದೆಯೇ ನೋಡಿ. ಇದ್ದರೆ ಪೇಟೆಂಟ್ ಹುಡುಕುವ ಉಚಿತ ತಾಣದಲ್ಲಿ ಹಾಕಿ. ಶೀರ್ಷಿಕೆ ಓದಿ ನಿಲ್ಲಿಸಬೇಡಿ, ಅದು ಎಷ್ಟೋ ಸಲ ನಿಜವಾದ ಹಕ್ಕಿಗಿಂತ ಜಾಸ್ತಿ ಇದ್ದಂತೆ ಹೇಳುತ್ತದೆ. ಹಕ್ಕು ಎಷ್ಟರ ಮೇಲೆ ಎಂದು ತಿಳಿಸುವುದು 'ಕ್ಲೇಮ್ಸ್' ಭಾಗ. ಅರ್ಜಿಯ ದಿನಾಂಕ, ದೇಶ ಎರಡನ್ನೂ ಗಮನಿಸಿ. ಅಮೆರಿಕದ ಪೇಟೆಂಟ್ ಭಾರತದಲ್ಲಿ ನಡೆಯುವುದಿಲ್ಲ. ಇಲ್ಲಿನದನ್ನು ಇಲ್ಲೇ ಬೇರೆಯಾಗಿ ಪಡೆದಿರಬೇಕು.